ದಿಲ್ಲಿಯ ನೀತಿ, ನಮ್ಮೂರಿನ ನೀರು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಅಂದರೆ ಒಂದು ತಲೆಮಾರು. ಸಂಘ ಶುರುವಾದ ವರ್ಷ ತೊಟ್ಟಿಲಲ್ಲಿದ್ದ ಮಕ್ಕಳು ಇವತ್ತು ಷೇರು ಹಣ ಕಟ್ಟಿ ಸದಸ್ಯರಾಗಿದ್ದಾರೆ. ಇಂಥ ಸಂತೋಷದ ದಿನ ಸಾಲ, ಗೊಬ್ಬರ, ಡಿವಿಡೆಂಡು ಇವುಗಳ ಮಾತು ಬಿಟ್ಟು ನೀರಿನ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಸಂಘ ಪತ್ತು ಕೊಡುವುದು ಪಹಣಿ ನೋಡಿಕೊಂಡು. ಆದರೆ ಆ ಪತ್ತು ವಾಪಸು ಬರುವುದು ನೀರು ಇದ್ದರೆ. ಬಾವಿ ಬತ್ತಿದ ವರ್ಷ ಸುಸ್ತಿದಾರರ ಪಟ್ಟಿ ಎಷ್ಟು ಉದ್ದವಾಗುತ್ತದೆ ಎಂಬುದನ್ನು ಕಾರ್ಯದರ್ಶಿಗಳು ನಮಗಿಂತ ಚೆನ್ನಾಗಿ ಬಲ್ಲರು. ಎರಡನೆಯದು, ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಒಂದು ಮುಖ್ಯ ವಿಷಯ ಬರಲಿದೆ. ಊರಿನ ಮನೆಮನೆ ಕೊಳಾಯಿಯ ನಿರ್ವಹಣೆಯನ್ನು ನಮ್ಮ ಸಂಘವೇ ವಹಿಸಿಕೊಳ್ಳಬೇಕೇ, ಬೇಡವೇ ಎಂಬುದು. ಕೈ ಎತ್ತುವ ಮೊದಲು, ಈ ನೀರಿನ ಆಡಳಿತ ದಿಲ್ಲಿಯಿಂದ ನಮ್ಮೂರಿನ ತನಕ ಹೇಗೆ ನಡೆದುಬಂದಿದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮೊದಲು ಒಂದು ಪ್ರಶ್ನೆ. ನಮ್ಮೂರಿನ ಕೆರೆಯ ನೀರಿನ ಮೇಲೆ ಯಾರಿಗೆ ಅಧಿಕಾರ? ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ನೀರು ಸರಬರಾಜು, ನೀರಾವರಿ, ಕಾಲುವೆ, ಒಡ್ಡು, ನೀರಿನ ಸಂಗ್ರಹ ಇವೆಲ್ಲ ರಾಜ್ಯಪಟ್ಟಿಯ 17ನೆಯ ನಮೂದಿನಲ್ಲಿವೆ. ಕಾವೇರಿ, ಕೃಷ್ಣೆಯಂಥ ಅಂತರರಾಜ್ಯ ನದಿಗಳ ವಿಷಯದಲ್ಲಿ ಮಾತ್ರ ಒಕ್ಕೂಟದ ಪಟ್ಟಿಯ 56ನೆಯ ನಮೂದಿನ ಪ್ರಕಾರ ಸಂಸತ್ತು ಕಾನೂನು ಮಾಡಬಹುದು. ಅಂದರೆ ಕಾಗದದ ಪ್ರಕಾರ ನಮ್ಮೂರ ಕೆರೆಯ ತೂಬು ಎತ್ತುವುದಕ್ಕಾಗಲಿ ಇಳಿಸುವುದಕ್ಕಾಗಲಿ ದಿಲ್ಲಿಗೆ ಅಧಿಕಾರವಿಲ್ಲ. ಹಾಗಾದರೆ ದಿಲ್ಲಿಯ ನೀತಿ ಬದಲಾದಾಗಲೆಲ್ಲ ನಮ್ಮ ನೀರು ಯಾಕೆ ಬದಲಾಗುತ್ತದೆ? ಯಾಕೆಂದರೆ, ಅಡುಗೆಮನೆ ನಮ್ಮದೇ ಆದರೂ ದಿನಸಿ ಬರುವುದು ಅವರಿಂದ. ಯೋಜನೆಯ ಹಣ, ಬ್ಯಾಂಕು ಸಾಲದ ನೀತಿ, ಪರಿಸರದ ಕಾಯ್ದೆ, ರಾಜ್ಯಗಳಿಗೆ ಕಳಿಸುವ ಮಾದರಿ ಮಸೂದೆ, ಈ ನಾಲ್ಕು ದಾರಿಯಲ್ಲಿ ದಿಲ್ಲಿ ನಮ್ಮ ನೀರಿಗೆ ಕೈ ಹಾಕುತ್ತದೆ. ಕೆಲವು ಸಲ ಒಳ್ಳೆಯದಾಗಿದೆ, ಕೆಲವು ಸಲ ಯಾರೂ ಬಯಸದ ಕೆಡುಕೂ ಆಗಿದೆ.

ನಮ್ಮದು ಕೋಲಾರದ ಸೀಮೆ. ಪಾಲಾರ್, ಪಿನಾಕಿನಿಗಳ ಹೆಸರಿದೆ. ವರ್ಷವಿಡೀ ಹರಿಯುವ ನದಿಯಿಲ್ಲ. ಅದಕ್ಕೇ ನಮ್ಮ ಹಿಂದಿನವರು ಹಳ್ಳಕ್ಕೆ ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ ಸೇರುವ ಹಾಗೆ ಸಾಲಾಗಿ ಕಟ್ಟಿದರು. ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕಡಿಮೆ ಮಳೆಯ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನಾಟಿ ಎಂಬುದೆಲ್ಲ ಅವನ ಬಾಯಲ್ಲಿತ್ತು. ಸುಗ್ಗಿಯಲ್ಲಿ ಕಣದಲ್ಲಿ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಎತ್ತಿನ ಗಾಡಿ ಕಟ್ಟಿ ಕೆರೆಗೋಡು ಹೊಡೆದು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ.

ಹಾಗೆಂದು ಹಿಂದಿನದೆಲ್ಲ ಬಂಗಾರ ಎಂದು ನಾವು ಹೇಳುವುದಿಲ್ಲ. ನೀರುಗಂಟಿ ಹೆಚ್ಚಾಗಿ ಊರಾಚೆಯ ಕೇರಿಯವನು. ಊರಿಗೆಲ್ಲ ನೀರು ಹಂಚುವ ಕೈಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಹೆಣ್ಣುಮಕ್ಕಳನ್ನು ಯಾರೂ ಕೇಳುತ್ತಿರಲಿಲ್ಲ. 1961ರಲ್ಲಿ ಆಗಿನ ಮೈಸೂರು ರಾಜ್ಯ ಗ್ರಾಮಾಧಿಕಾರಗಳ ರದ್ದು ಕಾಯ್ದೆ ಮಾಡಿ ವಂಶಪಾರಂಪರ್ಯದ ಊರ ಚಾಕರಿಯನ್ನು ತೆಗೆದುಹಾಕಿತು. ಇದು ದಿಲ್ಲಿಯದಲ್ಲ, ನಮ್ಮ ರಾಜ್ಯದ್ದೇ ಕೆಲಸ, ನ್ಯಾಯವಾದ ಕೆಲಸವೇ. ಆದರೆ ಬಿಟ್ಟಿ ಚಾಕರಿ ಹೋದ ಮೇಲೆ ಸಂಬಳದ ಚಾಕರಿ ಬರಬೇಕಿತ್ತಲ್ಲ, ಅದು ಬರಲಿಲ್ಲ. ತೂಬು ಹಾಗೇ ಉಳಿಯಿತು, ಎತ್ತುವವನು ಇಲ್ಲವಾದ. ಮುಂದೆ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಎಂದು ಹಂಚಿಕೆಯಾಯಿತು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಲೆಕ್ಕದಲ್ಲಿ ಇರುವುದು ಬೇರೆ, ನೀರಿರುವುದು ಬೇರೆ.

ಈಗ ದಿಲ್ಲಿಯ ಕಥೆಗೆ ಬರೋಣ. ಅರವತ್ತರ ದಶಕದ ಬರಗಾಲದಲ್ಲಿ ದೇಶ ಅಮೆರಿಕದ ಗೋಧಿಗೆ ಕೈಯೊಡ್ಡಿ ನಿಂತಿತ್ತು. ಆಹಾರ ಬೆಳೆಯಬೇಕು, ಅದಕ್ಕೆ ನೀರು ಬೇಕು, ನೀರಿಗೆ ಪಂಪ್‌ಸೆಟ್ಟು ಬೇಕು ಎಂದು ನೀತಿಯಾಯಿತು. 1963ರಲ್ಲಿ ಕೃಷಿ ಸಾಲಕ್ಕೆ ಮರುಸಾಲ ಕೊಡುವ ನಿಗಮ ಬಂತು. 1982ರಲ್ಲಿ ಅದರ ಕೆಲಸ ನಬಾರ್ಡಿಗೆ ಸೇರಿತು. 1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದೇ ವರ್ಷ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಇವೆಲ್ಲ ಸೇರಿ ಹಳ್ಳಿಯ ತನಕ ಕಂಬ ಬಂತು, ಕಂಬದ ಹಿಂದೆ ಮೋಟಾರು ಬಂತು, ಮೋಟಾರಿನ ಹಿಂದೆ ಪಿ.ಎಲ್.ಡಿ. ಬ್ಯಾಂಕಿನ ಬಾವಿ ಸಾಲ ಬಂತು. ಕಪಿಲೆ ಹೊಡೆಯುತ್ತಿದ್ದ ಎತ್ತುಗಳಿಗೆ ಬಿಡುವು ಸಿಕ್ಕಿತು. ಬಡ ರೈತನೂ ಎರಡು ಬೆಳೆ ತೆಗೆದ. ಹಿಪ್ಪುನೇರಳೆ, ಟೊಮೇಟೊ, ಆಲೂಗಡ್ಡೆ ನಮ್ಮ ಸೀಮೆಯನ್ನು ಸಾಕಿದವು. ಅದನ್ನು ಮರೆತರೆ ಉಪಕಾರ ಮರೆತ ಹಾಗೆ.

ಆದರೆ ಒಂದು ಮಾತು ಗಮನಿಸಿ. ಕೆರೆ ಬಿಟ್ಟುಬಿಡಿ ಎಂದು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಬಾವಿಗೆ ಸಾಲ ಸುಲಭವಾಗಿ ಸಿಕ್ಕಿತು, ಕೆರೆಯ ಹೂಳಿಗೆ ಸಾಲ ಕೊಡುವವರು ಇರಲಿಲ್ಲ, ಅಷ್ಟೇ ಸಾಕಾಯಿತು. ತನ್ನ ಹೊಲದಲ್ಲೇ ನೀರಿರುವವನು ಊರ ಕಾಲುವೆ ಬಿಡಿಸಲು ಗುದ್ದಲಿ ಹಿಡಿದು ಯಾಕೆ ಬರುತ್ತಾನೆ? ರಾಜಕಾಲುವೆ ಮೊದಲು ಮುಚ್ಚಿಹೋಯಿತು, ಆಮೇಲೆ ಒತ್ತುವರಿಯಾಯಿತು, ಕೊನೆಗೆ ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ಕೆರೆ ತುಂಬದೆ ಬಾವಿಯ ಸೆಲೆ ನಿಂತಿತು. ತೆರೆದ ಬಾವಿ ಹೋಗಿ ಕೊಳವೆ ಬಾವಿ ಬಂತು. ನಾವು ಹುಡುಗರಾಗಿದ್ದಾಗ ಐವತ್ತು ಅರವತ್ತು ಅಡಿ ಬಾವಿಗೆ ಈಜಲು ಹಾರುತ್ತಿದ್ದೆವು. ಈಗ ಸಾವಿರ ಅಡಿ ದಾಟಿದರೂ ಬರೀ ಪುಡಿ ಹಾರುವ ಬೋರುಗಳನ್ನು ಇಲ್ಲಿ ಕುಳಿತಿರುವ ಎಷ್ಟು ಜನ ನೋಡಿಲ್ಲ? 2008ರಿಂದ 10 ಅಶ್ವಶಕ್ತಿಯ ತನಕದ ಪಂಪ್‌ಸೆಟ್ಟಿಗೆ ರಾಜ್ಯ ಸರ್ಕಾರ ಉಚಿತ ಕರೆಂಟು ಕೊಟ್ಟಿತು. ರೈತನ ಕಷ್ಟಕ್ಕೆ ಅದು ಬೇಕಿತ್ತು. ಆದರೆ ಕರೆಂಟು ಬಂದ ಹೊತ್ತಿಗೆಲ್ಲ ಮೋಟಾರು ತಾನೇ ಓಡಲೆಂದು ಆಟೋಮ್ಯಾಟಿಕ್ ಹಾಕಿ ಮಲಗಿದವರು ನಾವೇ ಅಲ್ಲವೇ?

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ನಾವು ಆಡಳಿತ ಮಂಡಳಿಯಲ್ಲಿದ್ದ ವರ್ಷಗಳಲ್ಲಿ ಪಂಪ್‌ಸೆಟ್ಟಿನ ಸಾಲದ ಅರ್ಜಿಗಳಿಗೆ ಸಹಿ ಹಾಕಿದ್ದೇವೆ. ಪಹಣಿ ನೋಡಿದೆವು, ಜಾಮೀನುದಾರರನ್ನು ನೋಡಿದೆವು. ಪಕ್ಕದ ಬೋರು ಎಷ್ಟು ದೂರದಲ್ಲಿದೆ, ಅದರಲ್ಲಿ ನೀರು ಎಷ್ಟಡಿಗೆ ಇಳಿದಿದೆ ಎಂದು ಒಂದು ಅರ್ಜಿಯಲ್ಲೂ ಕೇಳಲಿಲ್ಲ. ಒಬ್ಬನಿಗೆ ಕೊಟ್ಟ ಸಾಲ ಇನ್ನೊಬ್ಬ ಸದಸ್ಯನ ಬಾವಿಯನ್ನು ಬತ್ತಿಸಿತು. ಆಮೇಲೆ ಇಬ್ಬರೂ ಸುಸ್ತಿದಾರರಾದರು. ಆ ಹೊತ್ತಿಗೆ ನಮಗೆ ತಿಳಿಯಲಿಲ್ಲ ಎಂದು ಹೇಳಬಹುದು. ಇನ್ನು ಮುಂದೆ ಹಾಗೆ ಹೇಳುವಂತಿಲ್ಲ.

ಕಾನೂನು ಏನು ಮಾಡುತ್ತಿತ್ತು ಎಂದು ಕೇಳುತ್ತೀರಿ. ಭೂಮಿಯ ಒಡೆಯ ತನ್ನ ನೆಲದ ಕೆಳಗಿನ ನೀರನ್ನು ತನ್ನಿಷ್ಟದಂತೆ ತೆಗೆಯಬಹುದು ಎಂಬುದು 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ಬಂದ ತತ್ವ. ಏತ, ಕಪಿಲೆಯ ಕಾಲಕ್ಕೆ ಅದು ಸರಿಯಾಗಿತ್ತು. ಮನುಷ್ಯ, ಎತ್ತು ಸುಸ್ತಾದಾಗ ನೀರೆತ್ತುವುದು ನಿಲ್ಲುತ್ತಿತ್ತು. ಮೋಟಾರಿಗೆ ಸುಸ್ತಿಲ್ಲ. ಇದನ್ನು ಕಂಡೇ ಕೇಂದ್ರ ಸರ್ಕಾರ 1970ರಲ್ಲಿ ಅಂತರ್ಜಲ ನಿಯಂತ್ರಣಕ್ಕೆ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತು. ನೀರು ರಾಜ್ಯದ ವಿಷಯವಾದ್ದರಿಂದ ಹೇರುವಂತಿರಲಿಲ್ಲ, ಹೇಳಬಹುದಿತ್ತು ಅಷ್ಟೇ. ನಮ್ಮ ರಾಜ್ಯ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಕಾಯ್ದೆ ಮಾಡಿ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದಿತು. ಅಂತರ್ಜಲದ ಪೂರ್ಣ ಕಾಯ್ದೆ ಬಂದದ್ದು 2011ರಲ್ಲಿ. ಮಾದರಿ ಮಸೂದೆ ಬಂದು 41 ವರ್ಷದ ಮೇಲೆ! ನಡುವೆ 1996ರಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟದ್ದರಿಂದ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 1997ರಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ಹುಟ್ಟಿತು. ಬಾಗಿಲಿಂದ ಬರಲಾಗದ ದಿಲ್ಲಿ ಪರಿಸರದ ಕಿಟಕಿಯಿಂದ ಬಂತು. ಕೋರ್ಟು ದಬ್ಬಿದ ಮೇಲೆ ಬಂತು ಅನ್ನುವುದನ್ನು ನೆನಪಿಡಿ.

ಕುಡಿಯುವ ನೀರಿನ ಕಥೆ ಬೇರೆ. ಅಲ್ಲಿ ದಿಲ್ಲಿಯಿಂದ ಆದ ಉಪಕಾರ ದೊಡ್ಡದು. 1972–73ರಲ್ಲಿ ತ್ವರಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮ ಬಂತು, 1986ರಲ್ಲಿ ಕುಡಿಯುವ ನೀರಿನ ರಾಷ್ಟ್ರೀಯ ಮಿಷನ್ ಬಂತು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣಿನ ರೋಗ ಎಂಥ ಹಿಂಸೆಯೆಂದು ಆ ಕಡೆಯ ಹಿರಿಯರನ್ನು ಕೇಳಬೇಕು. ಕಾಲಿನಿಂದ ದಾರದಂಥ ಹುಳು ಹೊರಬರುತ್ತಿತ್ತು; ರೈತ ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿಯುತ್ತಿದ್ದ. ಬಾವಿಗೆ ಇಳಿಯುವುದನ್ನು ತಪ್ಪಿಸಿ, ಕೈಪಂಪು ಹಾಕಿ, ನೀರು ಸೋಸಿ ಕುಡಿಯುವುದನ್ನು ಕಲಿಸಿದ್ದರಿಂದ 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಬರಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಎಂದು ಸಾರಿತು. ನಿಶ್ಚಯ ಮಾಡಿ ಹಣ ಕೊಟ್ಟರೆ, ಹಳ್ಳಿಯವರೂ ಕೈ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

1987ರ ಮೊದಲ ರಾಷ್ಟ್ರೀಯ ಜಲನೀತಿ ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯದು ಎಂದಿತು. 2002ರ ಜಲನೀತಿ ಖಾಸಗಿಯವರಿಗೂ ಬಾಗಿಲು ತೆರೆಯಿತು. 2012ರ ಜಲನೀತಿ, ಕುಡಿಯುವ ನೀರು ಮತ್ತು ಇತರ ಮೂಲ ಅಗತ್ಯ ಕಳೆದು ಉಳಿದ ನೀರನ್ನು ಬೆಲೆಯುಳ್ಳ ಆರ್ಥಿಕ ವಸ್ತುವಾಗಿ ನೋಡಬೇಕು ಎಂದಿತು. ಅದೇ ಉಸಿರಿನಲ್ಲಿ ಅಂತರ್ಜಲ ಸಮುದಾಯದ ಸೊತ್ತು ಎಂದೂ ಹೇಳಿತು. ನೀತಿಯೆಂದರೆ ಕಾನೂನಲ್ಲ. ಕುಡಿಯುವ ನೀರು ಮೊದಲು ಎಂದು ದಿಲ್ಲಿಯಲ್ಲಿ ಬರೆದಿಟ್ಟರೂ ನಮ್ಮೂರ ಪಂಚಾಯತಿ ಬೋರಿನ ಪಕ್ಕದಲ್ಲೇ ಟೊಮೇಟೊಗೆ ಬೋರು ಕೊರೆದಾಗ ಆ ಕಾಗದ ಬಂದು ಅಡ್ಡ ನಿಲ್ಲಲಿಲ್ಲ. ಆಳಕ್ಕೆ ಹೋದಂತೆ ಫ್ಲೋರೈಡ್ ಬೇರೆ. ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂಬುದು ನಮ್ಮ ದೇಶದ ಮಾನದಂಡ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನು ನಮ್ಮ ಜಿಲ್ಲೆಯ ಶಾಲೆಯ ಮೇಷ್ಟ್ರುಗಳು ದಿನಾ ನೋಡಿದವರೇ.

1992ರ 73ನೆಯ ತಿದ್ದುಪಡಿ ದೊಡ್ಡ ಬದಲಾವಣೆ. 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ಈ ತಿದ್ದುಪಡಿ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗೆ 29 ವಿಷಯಗಳನ್ನು ಹೆಸರಿಸಿತು. ಸಣ್ಣ ನೀರಾವರಿ, ಜಲಾನಯನ, ಕುಡಿಯುವ ನೀರು ಮೂರೂ ಅದರಲ್ಲಿವೆ. ಅಂದರೆ ಕೆರೆಯ ಕೀಲಿಕೈ ಮತ್ತೆ ಊರಿಗೆ ಬರಬೇಕು ಎಂದು ಸಂವಿಧಾನವೇ ಹೇಳಿತು. ಆದರೆ ವಿಷಯ ಕೊಟ್ಟಷ್ಟು ಬೇಗ ಹಣವನ್ನಾಗಲಿ ಸಿಬ್ಬಂದಿಯನ್ನಾಗಲಿ ಕೊಡಲಿಲ್ಲ. ಆಮೇಲೆ ಬಂದದ್ದು ವಂತಿಗೆಯ ಕಾಲ. 2002ರ ಡಿಸೆಂಬರಿನಲ್ಲಿ ಶುರುವಾದ ಕೇಂದ್ರದ ಸ್ವಜಲಧಾರಾ ಯೋಜನೆಯಲ್ಲಿ ಊರಿನವರು ನೂರಕ್ಕೆ ಹತ್ತು ರೂಪಾಯಿ ಕಟ್ಟಬೇಕೆಂದಾಯಿತು. ಅದೇ ವರ್ಷ ವಿಶ್ವಬ್ಯಾಂಕಿನ ಸಾಲದಿಂದ ನಮ್ಮ ರಾಜ್ಯದಲ್ಲಿ ಜಲ ಸಂವರ್ಧನೆ ಯೋಜನೆ ಬಂತು. ಕೆರೆ ಬಳಕೆದಾರರ ಸಂಘಗಳಾದವು. ನಾವೂ ಮನೆಮನೆ ತಿರುಗಿ ವಂತಿಗೆ ಎತ್ತಿದವರೇ. ಕೆಲವು ಊರುಗಳಲ್ಲಿ ಕೆರೆ ನಿಜವಾಗಿ ಸುಧಾರಿಸಿತು. ಇನ್ನು ಕೆಲವು ಕಡೆ ಯೋಜನೆಯ ಜೀಪು ಬರುವುದು ನಿಂತ ದಿನವೇ ಸಂಘದ ಪುಸ್ತಕವನ್ನೂ ಮುಚ್ಚಿಟ್ಟರು. ಯೋಜನೆಗಾಗಿ ಹುಟ್ಟಿದ ಸಂಘ ಯೋಜನೆಯ ಜೊತೆ ಸಾಯುತ್ತದೆ. ನಮ್ಮ ಸಂಘ 25 ವರ್ಷ ಬದುಕಿದ್ದು ಯಾಕೆ? ವರ್ಷಕ್ಕೊಂದು ಆಡಿಟ್ ಇದೆ, ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವವರಿದ್ದಾರೆ, ಅದಕ್ಕೆ.

ಈಗ ಹತ್ತಿರದ ವರ್ಷಗಳಿಗೆ ಬರೋಣ. 2019ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ನೀರಿನ ಎರಡು ಮಂತ್ರಾಲಯಗಳನ್ನು ಸೇರಿಸಿ ಜಲಶಕ್ತಿ ಮಂತ್ರಾಲಯ ಮಾಡಿದರು. ಅದೇ ವರ್ಷದ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾಯಿತು. ಪ್ರತಿ ಗ್ರಾಮೀಣ ಮನೆಗೂ ಕೊಳಾಯಿ, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್. ಹಿಂದಿನ ಲೆಕ್ಕ 40 ಲೀಟರ್ ಇತ್ತು, ಅದೂ ಬೀದಿ ನಲ್ಲಿಯಲ್ಲಿ. ಆ ದಿನ ದೇಶದಲ್ಲಿ 3.23 ಕೋಟಿ ಗ್ರಾಮೀಣ ಮನೆಗಳಿಗೆ ಮಾತ್ರ ಕೊಳಾಯಿಯಿತ್ತು. ಈಗ ಅದು 15 ಕೋಟಿ ದಾಟಿದೆ. 2024ಕ್ಕೆ ಮುಗಿಯಬೇಕಿದ್ದ ಕೆಲಸವನ್ನು 2025ರ ಬಜೆಟ್ಟಿನಲ್ಲಿ 2028ರ ತನಕ ಮುಂದುವರಿಸಿದರು. ಖರ್ಚಿನಲ್ಲಿ ಕೇಂದ್ರ, ನಮ್ಮ ರಾಜ್ಯ ಎರಡಕ್ಕೂ ಸಮಪಾಲು. ಕೊಡ ಹೊತ್ತು ಸೊಂಟ ಮುರಿದುಕೊಂಡ ನಮ್ಮ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ. ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದಿರುವುದೂ ಒಳ್ಳೆಯದೇ.

ಆದರೆ ಪೈಪು ದಿಲ್ಲಿಯಿಂದ ಬರಬಹುದು, ನೀರು ದಿಲ್ಲಿಯಿಂದ ಬರುವುದಿಲ್ಲ. ನದಿ ನೀರಿನ ದೊಡ್ಡ ಯೋಜನೆ ಮುಟ್ಟದ ಊರುಗಳಲ್ಲಿ ಕೊಳಾಯಿಯ ಇನ್ನೊಂದು ತುದಿ ಇರುವುದು ಅದೇ ಬೋರಿನಲ್ಲಿ. ಬೋರು ಒಣಗಿದರೆ ಬಾಗಿಲ ಮುಂದಿನ ನೀಲಿ ಪೈಪು ಹಸುವಿನ ಹಗ್ಗ ಕಟ್ಟಲು ಬಂತು ಅಷ್ಟೇ. ಹಾಗೆ ಕಟ್ಟಿದ್ದನ್ನು ನಾವು ಸುತ್ತಮುತ್ತ ಕಣ್ಣಾರೆ ಕಂಡಿದ್ದೇವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಊರಿನಲ್ಲಿ 400 ಮನೆ, ಮನೆಗೆ ಐದು ಜನ ಎಂದಿಟ್ಟುಕೊಳ್ಳಿ. ತಲೆಗೆ 55 ಲೀಟರಿನಂತೆ ಮನೆಗೆ 275 ಲೀಟರ್. ಊರಿಗೆಲ್ಲ ದಿನಕ್ಕೆ 1 ಲಕ್ಷ 10 ಸಾವಿರ ಲೀಟರ್. ದೊಡ್ಡ ಸಂಖ್ಯೆಯ ಹಾಗೆ ಕಾಣುತ್ತದೆ. ಈಗ ಒಂದು ಎಕರೆ ಹೊಲದಲ್ಲಿ ಒಂದೇ ಒಂದು ಅಂಗುಲ ನೀರು ನಿಲ್ಲಿಸಿ. ಅದು ಎಷ್ಟು ಗೊತ್ತೇ? ಸುಮಾರು 1 ಲಕ್ಷ 3 ಸಾವಿರ ಲೀಟರ್! ಊರಿನ ಎರಡು ಸಾವಿರ ಜನ ಒಂದು ದಿನ ಕುಡಿದು, ಬೇಯಿಸಿ, ತೊಳೆದು, ಸ್ನಾನ ಮಾಡುವ ನೀರು ಹೆಚ್ಚು ಕಡಿಮೆ ಒಂದು ಎಕರೆಗೆ ಒಂದಂಗುಲ ಹಾಯಿಸಿದಷ್ಟೇ. ಅಂದಮೇಲೆ ಕುಡಿಯುವ ನೀರಿನ ಪ್ರಶ್ನೆ ಕೊಳಾಯಿಯಲ್ಲಿ ಇಲ್ಲ. ಹೊಲದಲ್ಲಿದೆ, ಬೆಳೆಯಲ್ಲಿದೆ, ಆ ಬೆಳೆಗೆ ಪತ್ತು ಕೊಡುವ ನಮ್ಮ ಸಂಘದ ಟೇಬಲ್ಲಿನ ಮೇಲಿದೆ. ಇವತ್ತು ನಾವು ಹೇಳಬೇಕೆಂದು ಬಂದ ಮುಖ್ಯ ಮಾತು ಇದು.

ಈ ದಿಕ್ಕಿನಲ್ಲಿ ದಿಲ್ಲಿಯಿಂದ ಬಂದ ಒಂದು ಒಳ್ಳೆಯ ಹೆಜ್ಜೆ ಅಟಲ್ ಭೂಜಲ ಯೋಜನೆ. 2019ರ ಡಿಸೆಂಬರಿನಲ್ಲಿ ಘೋಷಣೆಯಾಗಿ, ಕರ್ನಾಟಕವೂ ಸೇರಿ 7 ರಾಜ್ಯಗಳಿಗೆ 6,000 ಕೋಟಿ ರೂಪಾಯಿಯೊಂದಿಗೆ ಐದು ವರ್ಷಕ್ಕೆಂದು ಆರಂಭವಾಯಿತು. ಅರ್ಧ ಹಣ ವಿಶ್ವಬ್ಯಾಂಕಿನ ಸಾಲ. ಇದರ ವಿಶೇಷವೇನೆಂದರೆ, ಬೋರು ಕೊರೆಯಲು ಹಣ ಕೊಡದೆ, ನೀರು ಅಳೆಯಲು ಕಲಿಸಿತು. ಪಂಚಾಯತಿಯೇ ಮಳೆ ಎಷ್ಟು ಬಂತು, ಭೂಮಿಗೆ ಎಷ್ಟು ಇಂಗಿತು, ಬೆಳೆಗೆ ಎಷ್ಟು ಎತ್ತಿದೆವು ಎಂದು ನೀರಿನ ಜಮಾ-ಖರ್ಚು ಬರೆಯಬೇಕು. ನಮ್ಮಂಥ ಸಹಕಾರಿಗಳಿಗೆ ಜಮಾ-ಖರ್ಚು ಹೊಸದೇ? ಯೋಜನೆಗೆ ಅವಧಿಯಿದೆ, ಅಳೆಯುವುದಕ್ಕೆ ಅವಧಿ ಯಾಕಿರಬೇಕು? ಹಗ್ಗಕ್ಕೆ ಗುರುತು ಹಾಕಿ ಬಾವಿಗೆ ಇಳಿಬಿಟ್ಟರೂ ಅಳತೆಯೇ.

ನೀತಿಯ ಗಾಳಿ ಎರಡೂ ಕಡೆಗೆ ಬೀಸುತ್ತದೆ ಎಂಬುದಕ್ಕೆ ಇನ್ನೆರಡು ಸಂಗತಿ ಹೇಳುತ್ತೇವೆ. ನೀರಿನ ಮಾಲಿನ್ಯ ತಡೆಗೆ 1974ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದರಿಂದಲೇ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದು. 2024ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಅನೇಕ ತಪ್ಪುಗಳಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ತನಕದ ದಂಡಕ್ಕೆ ಇಳಿಸಿದರು. ಕೆಲವು ಬಗೆಯ ಕಾರ್ಖಾನೆಗಳಿಗೆ ಮಂಡಳಿಯ ಒಪ್ಪಿಗೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರವೇ ಇಟ್ಟುಕೊಂಡಿತು. ಮೊದಲಿಗೆ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಬೇರೆ ರಾಜ್ಯಗಳಿಗೆ ಬೇಕಾದರೆ ಅಲ್ಲಿನ ವಿಧಾನಮಂಡಲ ನಿರ್ಣಯ ಮಾಡಬೇಕು. ಅಂದರೆ ಹೂಂ ಅನ್ನುವ, ಊಹೂಂ ಅನ್ನುವ ಹಕ್ಕು ರಾಜ್ಯಕ್ಕಿದೆ. ಮತ ಕೇಳಲು ಬಂದವರನ್ನು ಕೇಳುವ ಹಕ್ಕು ನಮಗಿದೆ. ಕೈಗಾರಿಕಾ ಪ್ರದೇಶದ ಕೆಳಗೆ ಕೆರೆಯಿರುವ ಊರಿನವರು ಇದನ್ನು ತಿಳಿದಿರಬೇಕು.

ಇನ್ನೊಂದು, ಉದ್ಯೋಗ ಖಾತರಿಯದು. 2005ರ ಕಾಯ್ದೆಯಿಂದಾಗಿ ಎಷ್ಟೋ ಊರುಗಳ ಕಟ್ಟೆ, ಗೋಕುಂಟೆ, ಕಾಲುವೆಗಳ ಹೂಳು ತೆಗೆದದ್ದು ನಮಗೆಲ್ಲ ಗೊತ್ತು. ಕೂಲಿಯ ಹಣವನ್ನು ಕೇಂದ್ರವೇ ಕೊಡುತ್ತಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳನ್ನು 100ರಿಂದ 125ಕ್ಕೆ ಏರಿಸಿ, ನೀರಿನ ಕಾಮಗಾರಿಗೆ ಮುಖ್ಯ ಸ್ಥಾನ ಕೊಟ್ಟಿದೆ; ಜೊತೆಗೆ ಖರ್ಚಿನಲ್ಲಿ ನೂರಕ್ಕೆ 40 ರೂಪಾಯಿ ನಮ್ಮಂಥ ರಾಜ್ಯಗಳ ತಲೆಗೆ ಬಂದಿದೆ. ಸರಿಯೋ ತಪ್ಪೋ ಎಂದು ದೊಡ್ಡವರು ಚರ್ಚೆ ಮಾಡಲಿ. ನಮಗೆ ತಿಳಿಯಬೇಕಾದ್ದು ಇಷ್ಟೇ: ನಮ್ಮ ರಾಜಕಾಲುವೆಯ ಹೂಳು ಬೇರೆಯವರ ಬಜೆಟ್ಟಿನ ಮೇಲೆ ನಿಂತರೆ, ಬಜೆಟ್ಟು ಬದಲಾದಾಗ ಕಾಲುವೆಯೂ ನಿಲ್ಲುತ್ತದೆ.

ಇನ್ನು ನಮ್ಮ ಸಂಘದ ಮುಂದಿರುವ ಪ್ರಶ್ನೆ. ನೀರಿನಂತೆ ಸಹಕಾರವೂ ರಾಜ್ಯಪಟ್ಟಿಯ ವಿಷಯವೇ. ರಾಜ್ಯಗಳ ಒಪ್ಪಿಗೆಯಿಲ್ಲದೆ ಮಾಡಿದ ಸಂವಿಧಾನ ತಿದ್ದುಪಡಿ ರಾಜ್ಯದೊಳಗಿನ ಸಹಕಾರ ಸಂಘಗಳಿಗೆ ಅನ್ವಯಿಸದು ಎಂದು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ತಿಂಗಳು ದಿಲ್ಲಿಯಲ್ಲಿ ಸಹಕಾರಕ್ಕೆಂದೇ ಮಂತ್ರಾಲಯವೂ ಬಂತು. 2023ರ ಮಾದರಿ ಬೈಲಾದಲ್ಲಿ ಕೃಷಿ ಪತ್ತಿನ ಸಂಘಗಳು 25ಕ್ಕೂ ಹೆಚ್ಚು ಬಗೆಯ ಕೆಲಸ ಮಾಡಬಹುದು ಎಂದಾಯಿತು. ಹಳ್ಳಿಯ ಕೊಳಾಯಿ ನೀರಿನ ನಿರ್ವಹಣೆಗೂ ಇಂಥ ಸಂಘಗಳು ಅರ್ಹ ಎಂದು ಕೇಂದ್ರ ಹೇಳಿದೆ. ಒಪ್ಪಿಕೊಂಡರೆ ಊರಿಗೆ ಸೇವೆ, ಸಂಘಕ್ಕೆ ಮರ್ಯಾದೆ. ಒಪ್ಪಿಕೊಂಡು ಬೋರು ಒಣಗಿದರೆ ಬೈಗುಳವೂ ನಮಗೇ.

ನಮ್ಮ ಅಭಿಪ್ರಾಯ ಕೇಳಿದರೆ, ಒಪ್ಪಿಕೊಳ್ಳೋಣ. ಆದರೆ ಕಣ್ಣು ಮುಚ್ಚಿಕೊಂಡು ಬೇಡ. ಮೊದಲು ಪಂಚಾಯತಿಯೊಂದಿಗೆ ಬರಹದಲ್ಲಿ ಕರಾರು ಆಗಬೇಕು. ಕರೆಂಟು ಬಿಲ್ಲು ಯಾರದು, ಮೋಟಾರು ಸುಟ್ಟರೆ ಖರ್ಚು ಯಾರದು, ಬೋರು ಬತ್ತಿದರೆ ಮುಂದೇನು ಎಂಬುದು ಬಾಯಿಮಾತಿನಲ್ಲಿ ಉಳಿಯಬಾರದು. ನೀರಿನ ಲೆಕ್ಕ ಬೇರೆ ಖಾತೆಯಲ್ಲಿರಲಿ, ಪತ್ತಿನ ಹಣಕ್ಕೆ ಬೆರೆಸುವುದು ಬೇಡ. ಸಾಲ ಬಾಕಿಯೆಂದು ಯಾರ ಮನೆಯ ಕೊಳಾಯಿಯನ್ನೂ ಮುಚ್ಚಬಾರದು. ಬಾಕಿ ಬೇರೆ, ಬಾಯಾರಿಕೆ ಬೇರೆ. ಕೊನೆಯ ಕೇರಿಯ ಕೊನೆಯ ಮನೆಯಲ್ಲಿ ನೀರು ಬಂತೇ ಎಂದು ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ನಮ್ಮ ಸ್ತ್ರೀಶಕ್ತಿ ಸಂಘದವರಿಗೆ ಸಂಬಳ ಕೊಟ್ಟೇ ಒಪ್ಪಿಸೋಣ. ಹಿಂದೆ ನೀರುಗಂಟಿಗೆ ಮಾಡಿದ ಅನ್ಯಾಯ ಮತ್ತೆ ಆಗುವುದು ಬೇಡ.

ಇವೆಲ್ಲಕ್ಕಿಂತ ಕಷ್ಟದ ಮಾತು ಒಂದಿದೆ. ಕುಡಿಯುವ ನೀರಿನ ಬೋರಿನಿಂದ 500 ಮೀಟರಿನೊಳಗೆ ಹೊಸ ಬೋರಿಗಾಗಲಿ ಪಂಪ್‌ಸೆಟ್ಟಿಗಾಗಲಿ ನಮ್ಮ ಸಂಘ ಸಾಲ ಕೊಡುವುದಿಲ್ಲ ಎಂದು ಸರ್ವ ಸದಸ್ಯರ ಸಭೆಯಲ್ಲೇ ನಿರ್ಣಯ ಮಾಡಬೇಕು. ಅಲ್ಲಿರುವ ರೈತರಿಗೆ ಹನಿ ನೀರಾವರಿಗೆ ಸಾಲ ಮೊದಲು ಸಿಗಲಿ. ತಿಂಗಳಿಗೊಮ್ಮೆ ಐದಾರು ಬಾವಿಗಳ ನೀರಿನ ಮಟ್ಟ ಅಳೆದು, ಗೊಬ್ಬರದ ದರಪಟ್ಟಿಯ ಪಕ್ಕದಲ್ಲೇ ಸಂಘದ ಬೋರ್ಡಿನಲ್ಲಿ ಬರೆಯೋಣ. ಆ 500 ಮೀಟರಿನೊಳಗೆ ನಮ್ಮದೂ ಎರಡು ಎಕರೆ ಜಮೀನಿದೆ. ನಿರ್ಣಯಕ್ಕೆ ಮೊದಲ ಕೈ ನಮ್ಮದೇ ಇರುತ್ತದೆ.

ಸದಸ್ಯ ಬಂಧುಗಳೇ, ದಿಲ್ಲಿಯಲ್ಲಿ ನೀತಿ ಇನ್ನೂ ಬದಲಾಗುತ್ತದೆ. ಹೊಸ ಹೆಸರಿನ ಯೋಜನೆ ಬರುತ್ತದೆ, ಹಳೆಯ ಬೋರ್ಡು ಅಳಿಸಿ ಹೊಸ ಬೋರ್ಡು ಬರೆಯುತ್ತಾರೆ. ಬಂದ ಹಣವನ್ನು ಬೇಡ ಎನ್ನುವುದು ಬೇಡ. ಅದು ನಮ್ಮದೇ ತೆರಿಗೆಯ ಹಣ. ಆದರೆ ಅಳತೆಯ ಪುಸ್ತಕ, ಕಾಲುವೆಯ ಗುದ್ದಲಿ, ಬೋರಿಗೆ ಹೂಂ ಅನ್ನುವ, ಬೇಡ ಅನ್ನುವ ನಿರ್ಣಯ, ಈ ಮೂರನ್ನು ಮಾತ್ರ ಊರಿನ ಕೈಯಲ್ಲೇ ಇಟ್ಟುಕೊಳ್ಳೋಣ. ಸುವರ್ಣ ಮಹೋತ್ಸವಕ್ಕೆ ನಾವು ಇರುತ್ತೇವೋ ಇಲ್ಲವೋ. ಆ ದಿನ ಈ ಸಂಚಿಕೆಯನ್ನು ತೆಗೆದು ಓದುವ ಮಗುವಿನ ಮನೆಯ ಕೊಳಾಯಿಯಲ್ಲಿ ನೀರಿರಲಿ.